ರಾಕ್ ಆಲ್ಬಂ ಸಂಗ್ರಹ: ಎಲ್‌ಪಿಯೋ, ಸಿಡಿಯೋ, ಸ್ಟ್ರೀಮಿಂಗೋ?

ರಾಕ್ ಆಲ್ಬಂಗಳ ಸಂಗ್ರಹ ಆರಂಭಿಸಲು ಎಲ್‌ಪಿ (ಸೂಜಿಯಿಂದ ನುಡಿಸುವ ದೊಡ್ಡ ತಟ್ಟೆ), ಸಿಡಿ, ಸ್ಟ್ರೀಮಿಂಗ್ (ಅಂತರ್ಜಾಲದಲ್ಲೇ ಕೇಳುವುದು) ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿದಾಗ ಗಂಟಲು ಕಟ್ಟುವವರೆಗೆ ಹಾಡಿದವನು ನಾನು, ಮೂರನ್ನೂ ಬಳಸಿದ್ದೇನೆ.

ಮೊದಲು ಕೇಳುವ ಸುಖ. ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' (1973) ಎಲ್‌ಪಿಗಾಗಿಯೇ ಕಟ್ಟಿದ ಆಲ್ಬಂ. ಮೊದಲ ಬದಿ ಒಂದು ಹೆಣ್ಣುದನಿಯ ಆಲಾಪದಲ್ಲಿ ಕರಗುತ್ತದೆ. ನೀವು ಎದ್ದು ತಟ್ಟೆ ಮಗುಚಬೇಕು. ಆ ಮೌನದ ನಂತರ ಎರಡನೇ ಬದಿಯ ಆರಂಭದ ನಾಣ್ಯಗಳ ಸದ್ದು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಸಿಡಿಯಲ್ಲಿ ಆ ಬಿಡುವು ಇಲ್ಲ. ಆದರೆ ಮೆಟಾಲಿಕಾದ 1991ರ ಕಪ್ಪು ಹೊದಿಕೆಯ ಆಲ್ಬಂ ಒಂದು ಗಂಟೆಗೂ ದೀರ್ಘ. ಎಲ್‌ಪಿಯಲ್ಲಾದರೆ ಎರಡು ತಟ್ಟೆ, ಮೂರು ಸಲ ಏಳಬೇಕು. ಅದಕ್ಕೆ ಸಿಡಿಯೇ ಹಿತ.

ಖರ್ಚಿನಲ್ಲಿ ಎಲ್‌ಪಿ ಎಲ್ಲಕ್ಕಿಂತ ದುಬಾರಿ: ತಟ್ಟೆಯ ಜೊತೆಗೆ ಅದನ್ನು ತಿರುಗಿಸುವ ಟರ್ನ್‌ಟೇಬಲ್, ಸದ್ದು ಹಿಗ್ಗಿಸುವ ಆಂಪ್ಲಿಫೈಯರ್, ಸವೆಯುವ ಸೂಜಿ. ಹಳೆಯ ಸಿಡಿ ಅಗ್ಗ, ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದಿಲ್ಲ. ಪ್ಲೇಯರ್ ಬೇರೆ ಕೊಳ್ಳಬೇಕು. ಸ್ಟ್ರೀಮಿಂಗ್‌ಗೆ ತಿಂಗಳ ಚಂದಾ ಸಾಕು, ಕಟ್ಟುವುದನ್ನು ನಿಲ್ಲಿಸಿದರೆ ಕಪಾಟು ಖಾಲಿ.

ಬಾಳಿಕೆ? ಬೆಂಗಳೂರಿನ ಧೂಳು ಎಲ್‌ಪಿಯ ಶತ್ರು. ನೆಟ್ಟಗೆ ನಿಲ್ಲಿಸಿಡಿ, ಬಿಸಿಲಿಗೆ ಬಿಟ್ಟರೆ ಬಾಗುತ್ತದೆ. ಸಿಡಿಯನ್ನು ಬೆಳಕು ಓದುವುದರಿಂದ ಕೇಳಿದಷ್ಟೂ ಸವೆಯುವುದಿಲ್ಲ.

ಸಿಲ್ಕ್ ಬೋರ್ಡ್ ದಟ್ಟಣೆಯಲ್ಲೇ ನಿಮ್ಮ ಸಂಗೀತದ ಸಮಯ ಕಳೆಯುತ್ತದೆಯಾದರೆ ಸ್ಟ್ರೀಮಿಂಗ್ ಸಾಕು. ಬಾಡಿಗೆ ಮನೆ ಬದಲಿಸುತ್ತಲೇ ಇರುವವರಾದರೆ ಸಿಡಿ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಒಂದು ಗಂಟೆ ಸುಮ್ಮನೆ ಕೂರಬಲ್ಲಿರಾದರೆ, ಬಹಳ ಪ್ರೀತಿಸುವ ಐದೇ ಆಲ್ಬಂಗಳನ್ನು ಎಲ್‌ಪಿಯಲ್ಲಿ ಕೊಳ್ಳಿ.