ಕಾರ್ಬುರೇಟರ್ ಮಾರುತಿ 800: ಬದಲಿ ಪೆಟ್ರೋಲ್ ಪಂಪ್, ಫಿಲ್ಟರ್, ಟ್ಯೂಬ್ – ದೀರ್ಘ ಬಳಕೆಯ ವಿಮರ್ಶೆ

ಬದಲಿ ಪಂಪ್‌ಗೆ ಐದರಲ್ಲಿ ನಾಲ್ಕು, ಪ್ಲಾಸ್ಟಿಕ್ ಫಿಲ್ಟರ್‌ಗೂ ನಾಲ್ಕು. ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುವ ಮಾಮೂಲಿ ರಬ್ಬರ್ ಟ್ಯೂಬಿಗೆ ಒಂದೇ. ಈ 796 ಸಿಸಿ ಎಂಜಿನ್ ಪೆಟ್ರೋಲ್ ಸಿಗದೆ ಮಿಸ್ ಹೊಡೆದರೆ ಎಲ್ಲರೂ ಮೊದಲು ಬಿಚ್ಚುವುದು ಪಂಪನ್ನೇ. ಆದರೆ ಬಹಳ ಸಲ ತಪ್ಪು ಟ್ಯೂಬಿನದು.

ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ ಮೇಲೆ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ದಂಡದ ತಿರುಗಾಟಕ್ಕೆ ಡಯಾಫ್ರಂ, ಅಂದರೆ ಪಂಪಿನೊಳಗಿನ ಬಾಗುವ ಪೊರೆ, ಆಡುತ್ತದೆ, ಪೆಟ್ರೋಲ್ ಎಳೆಯುತ್ತದೆ. ವೈರೂ ಇಲ್ಲ, ಫ್ಯೂಸೂ ಇಲ್ಲ. ಪಂಪಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ವರೆಗಿನ ಟ್ಯೂಬ್ ಬಿರುಕು ಬಿಟ್ಟರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ವಾಸನೆ ಹೊಡೆಯುತ್ತದೆ. ಟ್ಯಾಂಕಿನಿಂದ ಪಂಪ್‌ವರೆಗಿನ ಎಳೆಯುವ ಭಾಗ ಹಾಗಲ್ಲ. ಅಲ್ಲಿ ಬಿರುಕಿದ್ದರೂ ಒಂದು ಹನಿ ಬೀಳದಿರಬಹುದು, ಗಾಳಿ ಮಾತ್ರ ಒಳಗೆ ನುಗ್ಗುತ್ತದೆ. ಐಡ್ಲಿಂಗ್ ಸರಿಯಾಗಿರುತ್ತದೆ, ಏರು ಹತ್ತುವಾಗ ಪಿಕಪ್ ಸಾಯುತ್ತದೆ, ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಹೊಸ ಪಂಪ್ ಹಾಕಿದರೂ ಅದೇ ಕಥೆ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಇಗ್ನಿಷನ್ ಕಾಯಿಲ್‌ನ ಪಾಸಿಟಿವ್ ವೈರ್ ತೆಗೆದು ಸುತ್ತಿಡಿ, ಕಿಡಿ ಬರಬಾರದು. ಕಾರ್ಬುರೇಟರ್ ಕಡೆಯ ಟ್ಯೂಬ್ ಬಿಚ್ಚಿ ಲೋಹದ ಡಬ್ಬಿಯೊಳಗೆ ಇಳಿಸಿ, ಸೆಲ್ಫ್ ಹೊಡೆಸಿ. ಬಿಟ್ಟು ಬಿಟ್ಟು ಬಲವಾಗಿ ಚಿಮ್ಮಿದರೆ ಪಂಪ್ ಸರಿ. ಬರದಿದ್ದರೆ ಪಂಪಿನ ಒಳಬರುವ ಬಾಯಿಗೆ ಹೊಸ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪೆಟ್ರೋಲ್ ಇರುವ ಡಬ್ಬಿಗೆ ಇಳಿಸಿ ಮತ್ತೆ ನೋಡಿ. ಈಗ ಚಿಮ್ಮಿದರೆ ತೊಂದರೆ ಹಿಂದಿನ ಲೈನಿನಲ್ಲೋ ಫಿಲ್ಟರಿನಲ್ಲೋ ಇದೆ. (ಪಾರದರ್ಶಕ ಫಿಲ್ಟರ್ ಅರ್ಧ ಖಾಲಿ ಕಂಡರೆ ಗಾಬರಿ ಬೇಡ, ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಮಾತ್ರ ಯೋಚಿಸಿ.) ಸ್ವಲ್ಪ ದೂರ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಗೆ ಎಳೆದುಕೊಂಡು ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ ಎಂದರ್ಥ. ಅದಕ್ಕೆ ಪಂಪನ್ನು ಬೈಯುವುದು ಅನ್ಯಾಯ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಎಲ್ಲ ಬಂಕಿನಲ್ಲೂ ಸಿಗುವುದರಿಂದ ಟ್ಯೂಬಿನ ಆಯ್ಕೆ ಮುಖ್ಯವಾಗಿದೆ. ಮಾಮೂಲಿ ರಬ್ಬರ್ ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತದೆ, ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ. ‘ಎಸ್‌ಎಇ ಜೆ30 ಆರ್9’ (ಇಂಧನ ಟ್ಯೂಬಿನ ಒಂದು ಗುಣಮಟ್ಟದ ಗುರುತು) ಎಂದು ಅಚ್ಚಾಗಿರುವ ಟ್ಯೂಬ್ ದುಬಾರಿ, ಆದರೂ ಅದನ್ನೇ ಕೊಳ್ಳಿ. ಒಳವ್ಯಾಸ ಹೊಂದಿಸಲು ಹಳೆಯ ತುಂಡು ಅಂಗಡಿಗೆ ಒಯ್ಯಿರಿ. ಟ್ಯಾಂಕಿನ ಹಳೆಯ ಕೊಳೆಯನ್ನೂ ಎಥನಾಲ್ ಸಡಿಲಿಸುತ್ತದೆ, ಹಾಗಾಗಿ ಮೊದಲ ಫಿಲ್ಟರ್ ಬೇಗ ಕಟ್ಟಬಹುದು. ಫಿಲ್ಟರಿನ ಬಾಣ ಪಂಪಿನ ಕಡೆಗಿರಲಿ.

ಪಂಪಿಗೆ ಒಂದು ಅಂಕ ಕಡಿಮೆ ಕೊಟ್ಟದ್ದು ಪಂಪಿಗೂ ಎಂಜಿನ್ನಿಗೂ ನಡುವೆ ಕೂರುವ ಗ್ಯಾಸ್ಕೆಟ್‌ನಿಂದಾಗಿ. ಪೆಟ್ಟಿಗೆಯಲ್ಲಿ ಬಂದದ್ದು ತೆಳುವಾಗಿತ್ತು, ಬೇರೆ ಕೊಳ್ಳಬೇಕಾಯಿತು. ಬಿಚ್ಚುವಾಗ ಸಿಕ್ಕ ದಪ್ಪಕ್ಕೆ ಸಮನಾಗಿಯೇ ಮತ್ತೆ ಕೂರಿಸಬೇಕು, ಇಲ್ಲವಾದರೆ ಡಯಾಫ್ರಂ ಆಡುವ ಅಳತೆ ಬದಲಾಗುತ್ತದೆ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂತಿರುಗಿಸುವ ರಿಟರ್ನ್ ಟ್ಯೂಬ್ ಮುಚ್ಚಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ, ಬಿಡಬೇಡಿ. ಬೇಸಿಗೆಯ ಟ್ರಾಫಿಕ್‌ನಲ್ಲಿ ಬಿಸಿಯಾದ ಪೆಟ್ರೋಲ್ ಆವಿಯಾಗಿ ಲೈನ್ ಕಟ್ಟದಂತೆ ತಡೆಯುವುದು ಅದೇ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಂ ಹರಿದಿರುವ ಸಾಧ್ಯತೆಯೇ ಹೆಚ್ಚು. ಆಗ ಕಾರು ಓಡಿಸದೆ ಪಂಪ್, ಆಯಿಲ್ ಎರಡನ್ನೂ ಬದಲಿಸಿ.