ನಿಕಾನ್ 300 ಪಿಎಫ್: ಮಲೆನಾಡಿನ ತೋಟದಲ್ಲಿ, ಮಳೆಗಾಲ ಸೇರಿಸಿ

ಈ ಲೆನ್ಸಿನ ಸ್ಪೆಸಿಫಿಕೇಶನ್ ಎಲ್ಲ ಕಡೆ ಸಿಗುತ್ತದೆ, ನಾನು ಮತ್ತೆ ಬರೆಯೋಲ್ಲ. ಒಂದು ಅಂಕಿ ಸಾಕು: 755 ಗ್ರಾಂ. ನಿಕಾನ್ 2015ರಲ್ಲಿ ತಂದ ಈ 300 ಎಂಎಂ ಎಫ್/4 ಪಿಎಫ್‌ಗೆ ನಾನು ದುಡ್ಡು ಕೊಟ್ಟಿದ್ದೇ ಆ ಅಂಕಿಗೋಸ್ಕರ. ಇದಕ್ಕೂ ಮೊದಲಿನ 300 ಎಫ್/4 ಒಂದೂವರೆ ಕೆ.ಜಿ. ಹತ್ತಿರ ತೂಗುತ್ತಿತ್ತು. ಹಕ್ಕಿ ಫೋಟೋದವರು ಜಾಸ್ತಿ ಕೊಳ್ಳುವ 150-600 ಝೂಮ್‌ಗಳು ಎರಡು ಕೆ.ಜಿ. ಆಸುಪಾಸು.

ಹಗುರವಾದರೆ ಏನಾಯಿತು ಅಂತ ಕೇಳಬಹುದು. ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಕೈಯಲ್ಲಿ ಕತ್ತಿ ಇರುತ್ತದೆ. ಸಂಕ ದಾಟಬೇಕು, ಧರೆ ಹತ್ತಬೇಕು, ನೀರು ಎಲ್ಲಿ ಕಟ್ಟಿಕೊಂಡಿದೆ ನೋಡಬೇಕು. ಫೋಟೋ ತೆಗೆಯೋಕೆ ಅಂತಲೇ ನಾನು ಹೋಗುವುದಿಲ್ಲ, ಕೆಲಸಕ್ಕೆ ಹೋದಾಗ ಹಕ್ಕಿ ಸಿಗುತ್ತದೆ. ಎರಡು ಕೆ.ಜಿ. ಲೆನ್ಸ್ ಇದ್ದಾಗ ಅದು ಬೀರುವಿನಲ್ಲೇ ಉಳಿಯುತ್ತಿತ್ತು. ಇದು ಡಿ7500 ಕ್ಯಾಮೆರಾ ಜೊತೆ ಹೆಗಲಿಗೆ ಬಿದ್ದರೆ ಮನೆಗೆ ಬರುವ ತನಕ ನೆನಪೇ ಇರುವುದಿಲ್ಲ. ಪಿಎಫ್ (ಫೇಸ್ ಫ್ರೆನೆಲ್) ಅಂದರೆ ಒಳಗಿನ ಒಂದು ಗಾಜಿನ ಮೇಲೆ ಫ್ರೆನೆಲ್ ಬಗೆಯ ಸಣ್ಣ ಸಣ್ಣ ಉಂಗುರಗಳು. ದಪ್ಪ ಗಾಜುಗಳು ಮಾಡುವ ಕೆಲಸದ ಒಂದು ಪಾಲನ್ನು ಅದು ಮಾಡುತ್ತದೆ, ಅದಕ್ಕೇ ಲೆನ್ಸ್ ಇಷ್ಟು ಗಿಡ್ಡ.

ಇನ್ನೊಂದು ಬೆಳಕಿನ ವಿಷಯ. ಅಡಿಕೆ ತೋಟದ ನೆಲದಲ್ಲಿ ಬೆಳಿಗ್ಗೆ ಏಳಕ್ಕೂ ಮಬ್ಬು. ಚಳಿಗಾಲದಲ್ಲಿ ನವರಂಗ ಬರುತ್ತದೆ. ಉದುರಿದ ಸೋಗೆಯ ನಡುವೆ ಕುಪ್ಪಳಿಸುತ್ತ, ಕೊಕ್ಕಿನಿಂದ ಎಲೆ ಮಗುಚಿ ಹುಳ ಹುಡುಕುವ ಹಕ್ಕಿ. ಅದು ನಿಲ್ಲುವುದೇ ಕತ್ತಲಿರುವ ಕಡೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಜಾಸ್ತಿ; ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಫೋಟೋ ಒರಟು. ಎಫ್/4ರಲ್ಲಿ 1/500 ಸೆಕೆಂಡಿಗೆ ಐಎಸ್‌ಒ 3200 ಸಾಕಾದರೆ, ಅದೇ ಬೆಳಕಿಗೆ ಎಫ್/6.3 ಲೆನ್ಸಿನಲ್ಲಿ 8000ಕ್ಕೆ ಏರಿಸಬೇಕು. ಕಣ್ಣಿನ ಕಪ್ಪು ಪಟ್ಟಿ, ರೆಕ್ಕೆಯ ಆ ನೀಲಿ ಚುಕ್ಕೆ, ಬಾಲದ ಕೆಳಗಿನ ಕೆಂಪು, ಇವೆಲ್ಲ ಉಳಿಯುವುದು ಕಲಸಿ ಹೋಗುವುದು ಅಲ್ಲೇ ತೀರ್ಮಾನ. ಈ ಲೆನ್ಸಿನಲ್ಲಿ ಝೂಮ್ ಇಲ್ಲ ಅನ್ನುವ ಕೊರಗು ನನಗೆ ಒಂದು ವಾರವೂ ಇರಲಿಲ್ಲ.

ಒಂದು ಸ್ವಭಾವ ಗೊತ್ತಿರಲಿ. ಜೋರು ಬೆಳಕು ಫ್ರೇಮಿನೊಳಗೇ ಇದ್ದರೆ ಫ್ರೆನೆಲ್ ಗಾಜು ಬಣ್ಣದ ಬಳೆ ಮೂಡಿಸುತ್ತದೆ. ಅದನ್ನು ಕಡಿಮೆ ಮಾಡುವ ಆಯ್ಕೆಯನ್ನು ನಿಕಾನ್ ತನ್ನ ಸಾಫ್ಟ್‌ವೇರಿನಲ್ಲೇ ಕೊಟ್ಟಿದೆ.

ಇಷ್ಟು ಹೊಗಳಿದ ಮೇಲೆ ಮಳೆಗಾಲದ ಮಾತು. ದುಬಾರಿ ಲೆನ್ಸ್ ಬಗ್ಗೆ ಬರೆಯುವವರು ಹೆಚ್ಚಾಗಿ ಒಣ ಊರಿನವರು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮಲ್ಲಿ ಜುಲೈ ಬಂತೆಂದರೆ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಅಡಿಕೆಗೆ ಕೊಳೆ ರೋಗ ಹೇಗೋ, ಲೆನ್ಸಿಗೆ ಇದು ಹಾಗೆ. ಗಾಜಿನ ಮೇಲಿನ ಧೂಳು, ಕೈಯ ಜಿಡ್ಡು ತಿಂದೇ ಬೆಳೆಯುತ್ತದೆ, ಅದು ಬಿಡುವ ಆಮ್ಲ ಕೋಟಿಂಗನ್ನೇ ಕೊರೆಯುತ್ತದೆ. ನನ್ನ ಮೊದಲಿನ ಝೂಮ್ ಹೋಗಿದ್ದು ಹೀಗೆ. ಒಳಗಡೆ ಜೇಡರ ಬಲೆಯಂಥ ಬಿಳಿ ಎಳೆ. ರಿಪೇರಿಗೆ ಕೊಟ್ಟ ಕಡೆ ಹೇಳಿದ ರೇಟಿನಲ್ಲಿ ಅರ್ಧ ಲೆನ್ಸ್ ಬರುತ್ತಿತ್ತು, ಮತ್ತೆ ಬರುವುದಿಲ್ಲ ಅನ್ನುವ ಭರವಸೆಯೂ ಇಲ್ಲ.

ಆದ್ದರಿಂದ ಲೆನ್ಸಿನ ಬೆಲೆಗೆ ಡ್ರೈ ಕ್ಯಾಬಿನೆಟ್ಟಿನದ್ದೂ (ಒಳಗಿನ ತೇವ ತೆಗೆಯುವ ಕರೆಂಟಿನ ಪೆಟ್ಟಿಗೆ) ಕೂಡಿಸಿಯೇ ಲೆಕ್ಕ ಹಾಕಿ. ತೇವ 40ರಿಂದ 50 ಪರ್ಸೆಂಟಿಗೆ ಇಟ್ಟಿದ್ದೇನೆ. ಆದರೆ ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟು ಬರುವುದು ಯಾವಾಗಲೋ. ಆಗ ರಬ್ಬರ್ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೇ ಗತಿ, ಒಳಗೆ ಬಟ್ಟೆಯಲ್ಲಿ ಕಟ್ಟಿದ ನೀಲಿ ಸಿಲಿಕಾ ಜೆಲ್. ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸಂಜೆ ಬಚ್ಚಲೊಲೆಯ ಕೆಂಡದ ಮೇಲೆ ಹಳೇ ಬಾಣಲೆ ಇಟ್ಟು, ಸಣ್ಣ ಕಾವಿನಲ್ಲಿ ಕೈಯಾಡಿಸುತ್ತ ಹುರಿಯುತ್ತೇನೆ. ಒಂದೊಂದೇ ಕಾಳು ನೀಲಿಗೆ ಮರಳುವುದನ್ನು ನೋಡುವುದು ನನಗೆ ತುಂಬಾ ಇಷ್ಟ. ಆ ಬಾಣಲೆಯನ್ನು ಅಡುಗೆಗೆ ಮುಟ್ಟುವ ಹಾಗಿಲ್ಲ, ನೀಲಿ ಬಣ್ಣ ಬರುವುದು ಕೋಬಾಲ್ಟಿನಿಂದ. ತೋಟದಿಂದ ಬಂದ ಕೂಡಲೇ ಲೆನ್ಸನ್ನು ಡಬ್ಬಿಗೆ ಹಾಕುವುದಿಲ್ಲ. ಹಳೇ ಪಂಚೆಯ ತುಂಡಿನಲ್ಲಿ ಮೈ ಒರೆಸಿ, ಗಾಜಿಗೆ ಬ್ಲೋವರ್ ಊದಿ, ಫ್ಯಾನಿನ ಕೆಳಗೆ ಇಟ್ಟು ಆಮೇಲೆ ಒಳಗೆ. ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ದಿನ ಕ್ಯಾಮೆರಾ ಹೊರಗೇ ಬರುವುದಿಲ್ಲ.

ಇಷ್ಟೆಲ್ಲ ಯಾಕೆ ಅಂತ ಒಂದು ಮಳೆಗಾಲ ನನಗೂ ಬೇಸರ ಬಂದಿತ್ತು. ಅಪ್ಪಯ್ಯನಂತೂ "ಇದೇ ದುಡ್ಡಿಗೆ ಮೇಲಿನ ತೋಟಕ್ಕೆ ಸ್ಪ್ರಿಂಕ್ಲರ್ ಆಗ್ತಿತ್ತಲ್ಲ ಮಾರಾಯ" ಅಂದರು. ಬೇಸರ ಕಳೆದಿದ್ದು ಕಪ್ಪೆಗಳಿಂದ. ಈ ಲೆನ್ಸ್ 1.4 ಮೀಟರ್ ದೂರಕ್ಕೂ ಫೋಕಸ್ ಆಗುತ್ತದೆ. ಹಕ್ಕಿಗೆ ಅಂತ ಕೊಂಡವನು ಇದನ್ನು ಗಮನಿಸಿಯೇ ಇರಲಿಲ್ಲ. ಏಲಕ್ಕಿ ಎಲೆಯ ಮೇಲೆ ಕೂತ ಮರಗಪ್ಪೆ, ಕೆರೆ ಅಂಚಿನ ಏರೋಪ್ಲೇನ್ ಚಿಟ್ಟೆ, ಎಲ್ಲ ನಿಂತಲ್ಲಿಂದಲೇ ಸಿಗುತ್ತವೆ. ಬಗ್ಗಿ ಹತ್ತಿರ ಹೋಗಿ ಓಡಿಸಬೇಕಾಗಿಲ್ಲ. ಕಪ್ಪೆಯ ಗಂಟಲಿನ ಚೀಲ ಉಬ್ಬಿದಾಗ ಅದರ ಮೇಲಿನ ಸಣ್ಣ ರಕ್ತನಾಳಗಳೂ ಫೋಟೋದಲ್ಲಿ ಕಾಣುತ್ತವೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾಮೆರಾ. ಎರಡು ಕೆ.ಜಿ.ಯಲ್ಲಿ ಇದು ಆಗುತ್ತಿತ್ತಾ?

ಬೆಲೆಗೆ ಬರೋಣ. ಹೊಸದು ಲಕ್ಷದ ಮೇಲಿನ ಮಾತು, ಅಷ್ಟು ನಾನು ಕೊಡುತ್ತಿರಲಿಲ್ಲ. ಕಂಪನಿಗಳು 2018ರ ನಂತರ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ತಿರುಗಿದ ಮೇಲೆ, ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಇಳಿದವು, ನನ್ನದು ಹಾಗೆ ಬಂದಿದ್ದು. ಆ ಬೆಲೆಗೆ ಖಂಡಿತ ಸರಿ. ಮುಂದೆ ನಿಕಾನ್‌ನ ಮಿರರ್‌ಲೆಸ್ ಆದ ಝಡ್ ಬಾಡಿ ತಗೊಂಡರೂ, ಹಳೇ ಲೆನ್ಸನ್ನು ಅದಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆಟೋಫೋಕಸ್ ನಡೆಯುತ್ತದೆ. ಜೀಪಿನಲ್ಲೋ ದೋಣಿಯಲ್ಲೋ ಕೂತು ಕಬಿನಿ, ರಂಗನತಿಟ್ಟಿನಲ್ಲಿ ದೂರದ್ದನ್ನೇ ತೆಗೆಯುವವರಿಗೆ ಆ 150-600 ಝೂಮ್‌ಗಳೇ ವಾಸಿ, ತೂಕ ನಿಮಗೆ ಲೆಕ್ಕಕ್ಕಿಲ್ಲ.

ಹಳೇದು ಕೊಳ್ಳುವವರು ಎರಡು ನೋಡಿಕೊಳ್ಳಿ. ಡಿ90, ಡಿ200ರಂಥ ಹಳೇ ಬಾಡಿಗಳಲ್ಲಿ ಇದರ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಹೊಂದಿಸಲು ಬರುವುದಿಲ್ಲ. ಇನ್ನು, ಎರಡೂ ಕಡೆಯ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೂ ಅದು ಬೂಷ್ಟಿರಬಹುದು, ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.