ಎಕ್ರೆ ಎಷ್ಟು ಅಂತಲ್ಲ, ಕೋವಿ ಎಷ್ಟು ಅಂತ ಕೇಳಿ: ಟೆಕ್ಸಾಸ್ ಡೀರ್ ಲೀಸ್, ಎರಡು ಸೀಸನ್ ಆದ್ಮೇಲೆ ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಹೋಟ್ಲಿಗೆ ಹೋಗಿ ದೋಸೆ ತಿಂದು ಬಂದು ಸಂಜೆಗೆ ಬರೆಯೋ ಥರದ ರಿವ್ಯೂ ಅಲ್ಲ. ಎರಡು ವರ್ಷ ಎರಡು ಜಾಗಕ್ಕೆ ದುಡ್ಡು ಕಟ್ಟಿ, ಒಂದ್ಕಡೆ ಚೆನ್ನಾಗಿ ಬೋಳಿಸ್ಕೊಂಡು, ಇನ್ನೊಂದ್ಕಡೆ ಒಂಚೂರು ಬುದ್ಧಿ ಬಂದ್ಮೇಲೆ ಬರೀತಿರೋದು. ಆಸ್ಟಿನ್ ಕಡೆ ಇರೋ ನಮ್ಮೋರು ಯುಗಾದಿ ಊಟಕ್ಕೆ ಸಿಕ್ಕಾಗೆಲ್ಲಾ ಕೇಳ್ತಾರೆ, ಏನ್ ಮಾರಾಯ ಶಿಕಾರಿಗೆ ಅಂತ ಜಮೀನು ಗುತ್ತಿಗೆಗೆ ತಗೊಂಡಿದ್ಯಂತೆ, ಎಷ್ಟಾಗುತ್ತೆ, ನಮ್ಗೂ ಸಿಗುತ್ತಾ ಅಂತ. ಒಬ್ಬೊಬ್ರಿಗೇ ಹೇಳಿ ಸಾಕಾಯ್ತು, ಎಲ್ಲಾ ಇಲ್ಲೇ ಬರ್ದು ಹಾಕ್ತಿದೀನಿ. ಮಾಂಸ ರಕ್ತ ಅಂದ್ರೆ ಆಗದೇ ಇರೋರು ಇಲ್ಲಿಗೇ ಬಿಟ್ಬಿಡಿ, ನಂಗೇನೂ ಬೇಜಾರಿಲ್ಲ.

ಟೆಕ್ಸಾಸ್‌ನಲ್ಲಿ 95 ಪರ್ಸೆಂಟ್ ಹತ್ತತ್ರ ಜಮೀನು ಖಾಸಗಿಯವ್ರದ್ದೇ. ಸರ್ಕಾರಿ ಜಾಗದಲ್ಲೂ ಬೇಟೆಗೆ ಅವಕಾಶ ಇದೆ, 48 ಡಾಲರ್‌ಗೆ ವರ್ಷದ ಪರ್ಮಿಟ್ ಸಿಗುತ್ತೆ, ಆದ್ರೆ ಜಾಗ ಕಮ್ಮಿ ಜನ ಜಾಸ್ತಿ. ಅದಕ್ಕೇ ರಾಂಚ್ ಇರೋರು ಬೇಟೆ ಹಕ್ಕನ್ನ ಮಾತ್ರ ಸೀಸನ್ ಲೆಕ್ಕದಲ್ಲಿ ಗುತ್ತಿಗೆಗೆ ಕೊಡ್ತಾರೆ, ಇದಕ್ಕೇ ಡೀರ್ ಲೀಸ್ ಅನ್ನೋದು. ಮಜಾ ಏನಂದ್ರೆ ಅಲ್ಲಿ ಓಡಾಡೋ ಬಿಳಿಬಾಲದ ಜಿಂಕೆ ಆ ಯಜಮಾನಂದಲ್ಲ, ರಾಜ್ಯದ ಜನರ ಸ್ವತ್ತು ಅಂತ ಕಾನೂನಿದೆ. ಜಿಂಕೆ ಸರ್ಕಾರದ್ದು, ಬೇಲಿ ಯಜಮಾನಂದು, ನಾವು ಕೊಡೋ ದುಡ್ಡು ಬೇಲಿ ದಾಟೋಕೆ. ನಮ್ಮಜ್ಜಂಗೆ ಇದನ್ನ ಹೇಳಿದ್ರೆ ತಲೆ ಕೆಟ್ಟಿದ್ಯೇನೋ ಅಂತಿದ್ರು. 74ರ ಭೂಸುಧಾರಣೇಲಿ ಗೇಣಿ ಜಮೀನಿಗೆ ಡಿಕ್ಲರೇಷನ್ ಹಾಕಿ ಓಡಾಡಿದ ಮನುಷ್ಯ ಅವ್ರು, ಉಳೋಕಿಲ್ಲ ಬಿತ್ತೋಕಿಲ್ಲ, ಮೊಮ್ಮಗ ಕಲ್ಲುಗುಡ್ಡಕ್ಕೆ ಗೇಣಿ ಕೊಡ್ತಾನೆ ಅಂದ್ರೆ ನಂಬೋರಾ?

ನಾನು ಕೊಪ್ಪದ ಕಡೆಯವ್ನು. ಅಜ್ಜನ ಹತ್ರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಕೇಪಿನ ಕೋವಿ ಇತ್ತು, ಅದು ಮನೇಲಿ ಇದ್ದಿದ್ದಕ್ಕಿಂತ ಎಲೆಕ್ಷನ್ ಬಂದಾಗೆಲ್ಲಾ ಸ್ಟೇಷನ್‌ಲಿ ಡೆಪಾಸಿಟ್ ಆಗಿದ್ದೇ ಜಾಸ್ತಿ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ಅನ್ನೋದು ನಮ್ಗೆ ಜಗಲಿ ಮೇಲೆ ಕೂತು ಕೇಳೋ ಕಥೆ ಅಷ್ಟೇ, ಸೋವಿಗೆ, ಅಂದ್ರೆ ಗುಂಪು ಕಟ್ಕೊಂಡು ಕಾಡು ಸೋಯೋ ಬೇಟೆಗೆ, ಎಷ್ಟು ಜನ ಹೋಗಿದ್ರು, ಹಂದಿ ಯಾವ ಕಡೆ ಹಳು ಬಿಟ್ಟು ಎದ್ದಿತ್ತು, ಪಾಲು ಹೆಂಗೆ ಹಾಕಿದ್ರು ಅಂತ. ಆ ಕಥೆ ಕೇಳ್ಕೊಂಡು ಬೆಳೆದವ್ನಿಗೆ ಇಲ್ಲಿ ಲೈಸೆನ್ಸ್ ಅಂಗಡೀಲೇ ಸಿಗುತ್ತೆ ಅಂದ್ರೆ ಸುಮ್ನೆ ಇರೋಕಾಗುತ್ತಾ.

ಮೊದಲ್ನೇ ವರ್ಷ ಒಂದು ಆನ್‌ಲೈನ್ ಲಿಸ್ಟಿಂಗ್ ನೋಡಿ ತಗೊಂಡೆ. ಹೆಸ್ರು ಬೇಡ ಬಿಡಿ. 600 ಎಕ್ರೆ, ನೀರಿದೆ, ಬ್ಲೈಂಡ್ ಇದೆ, ಫೀಡರ್ ಇದೆ, ಒಂದು ಗನ್‌ಗೆ 1800 ಡಾಲರ್ ಅಂತಿತ್ತು. ಗನ್ ಅಂದ್ರೆ ಇಲ್ಲಿ ಒಬ್ಬ ಬೇಟೆಗಾರನ ಜಾಗ, ಕೋವಿ ಲೆಕ್ಕ ಅಂತ ತಿಳ್ಕೊಳ್ಳಿ. ಬ್ಲೈಂಡ್ ಅಂದ್ರೆ ನಮ್ಮ ಅಟ್ಟಣೆ, ಇಲ್ಲಿ ಅದಕ್ಕೆ ಗೋಡೆ ಕಿಟಕಿ ತಿರುಗೋ ಕುರ್ಚಿ ಎಲ್ಲಾ ಇರುತ್ತೆ. ಫೀಡರ್ ಅಂದ್ರೆ ಜಿಂಕೆಗೆ ಜೋಳ ಎರಚೋ ಡ್ರಮ್ಮು. ನಾನು 600 ಎಕ್ರೆ ಅನ್ನೋದು ನೋಡೇ ಬಾಯಿ ಬಿಟ್ಟೆ, ನಮ್ಮೂರಲ್ಲಿ ಆರು ಎಕ್ರೆ ತೋಟ ಇದ್ದವ್ನೇ ದೊಡ್ಡ ಕುಳ ಅಲ್ವಾ. ಎಷ್ಟು ಜನ ಅಂತ ಕೇಳಿದ್ದಕ್ಕೆ ಏಜೆಂಟು ಎಂಟು ಅಂದ. ನವೆಂಬರ್ ಮೊದಲ್ನೇ ಶನಿವಾರ ಸೀಸನ್ ಶುರು, ಹಿಂದಿನ್ ದಿನ ಸಂಜೆ ಹೋಗಿ ನೋಡಿದ್ರೆ ಕ್ಯಾಂಪಲ್ಲಿ ಹದಿಮೂರು ಪಿಕಪ್ ಟ್ರಕ್ಕು. ಎಂಟು ಜನ ಮೆಂಬರ್ರು, ಉಳಿದವ್ರು ಗೆಸ್ಟಂತೆ, ಗೆಸ್ಟ್ ವಿಷ್ಯ ಅಗ್ರಿಮೆಂಟಲ್ಲಿ ಕೊನೇ ಪೇಜಲ್ಲಿ ಸಣ್ಣಕ್ಷರದಲ್ಲಿತ್ತು, ನಾನು ಓದಿರ್ಲಿಲ್ಲ, ಅದು ನನ್ನ ತಪ್ಪೇ.

ಶನಿವಾರ ಬೆಳಗ್ಗೆ ಐದೂವರೆಗೆ ಕತ್ಲಲ್ಲಿ ಹೋಗಿ ಬ್ಲೈಂಡಲ್ಲಿ ಕೂತಿದೀನಿ, ಹತ್ತು ನಿಮಿಷಕ್ಕೆ ಹೆಡ್‌ಲೈಟ್ ಹಾಕ್ಕೊಂಡು ಇನ್ನೊಬ್ಬ ಬಂದ, ಇದು ನನ್ನ ಬ್ಲೈಂಡು ಇಳಿ ಅಂತ. ಮ್ಯಾಪಲ್ಲಿ ನಂಬರ್ ಮೂರು ನಂದೇ ಅಂತಿತ್ತು, ಅವನ ಮ್ಯಾಪಲ್ಲೂ ಮೂರೇ. ಜಗಳ ಯಾಕೆ ಅಂತ ಇಳಿದು ಒಂದು ಓಕ್ ಮರದ ಬುಡಕ್ಕೆ ಕೂತೆ. ಬೆಳಕು ಹರಿಯೋ ಹೊತ್ತಿಗೆ ನನ್ನ ಬೆನ್ನ ಹಿಂದೆ, ನೂರೈವತ್ತು ಗಜನೂ ಇರ್ಲಿಲ್ಲ, ಒಂದು ಈಡು ಹೊಡೀತು ನೋಡಿ, ಎದೆ ಬಾಯಿಗೆ ಬಂತು. ಯಾರ್ ಹೊಡೆದ್ರೋ ಯಾವ್ ಕಡೆಗೆ ಹೊಡೆದ್ರೋ ಗೊತ್ತಿಲ್ಲ. ಖಾಸಗಿ ಜಮೀನಲ್ಲಿ ಕಿತ್ತಳೆ ಜಾಕೆಟ್ ಕಡ್ಡಾಯ ಇಲ್ಲ ಇಲ್ಲಿ, ಸರ್ಕಾರಿ ಜಾಗದಲ್ಲಿ ಮಾತ್ರ, ಹಂಗಾಗಿ ನಾನೂ ಹಾಕಿರ್ಲಿಲ್ಲ. ಅವತ್ತಿಂದ ಕಾನೂನು ಕೇಳ್ಲಿ ಬಿಡ್ಲಿ ನನ್ನ ಬೆನ್ನ ಮೇಲೆ ಕಿತ್ತಳೆ ಬಣ್ಣ ಇದ್ದೇ ಇರುತ್ತೆ. ಏಜೆಂಟಿಗೆ ಫೋನ್ ಮಾಡಿದ್ರೆ ವಾಯ್ಸ್‌ಮೇಲು, ಆಮೇಲೆ ರಿಫಂಡ್ ಇಲ್ಲ ಅಂತ ಒಂದು ಸಾಲಿನ ಮೆಸೇಜು. ಆ ಸೀಸನ್ ಮೂರು ಸಲ ಹೋದೆ, ನಾಲ್ಕನೇ ಸಲಕ್ಕೆ ಹೆಂಡ್ತಿ ಬಿಡ್ಲಿಲ್ಲ. ರೇಟಿಂಗ್ ಐದಕ್ಕೆ ಒಂದು, ಆ ಒಂದೂ ಸೂರ್ಯೋದಯಕ್ಕೆ.

ಈಗ ಲೆಕ್ಕ ನೋಡಿ. 600ನ್ನ 13ರಿಂದ ಭಾಗಿಸಿದ್ರೆ ತಲೆಗೆ 46 ಎಕ್ರೆ. ರೈಫಲ್ ಗುಂಡು ಮೈಲಿಗಟ್ಲೆ ಹೋಗೋ ಊರಲ್ಲಿ ಅದು ಒಂದು ಕಾಂಪೌಂಡ್ ಇದ್ದಂಗೆ. ಎರಡನೇ ವರ್ಷ ತಗೊಂಡ ಜಾಗ 380 ಎಕ್ರೆ, ಕೋವಿ ನಾಲ್ಕೇ, ತಲೆಗೆ 95. ಜಮೀನು ಚಿಕ್ಕದು, ರೇಟು ಜಾಸ್ತಿ, ಆದ್ರೂ ತಲೆಗೆ ಸಿಗೋ ಎಕ್ರೆ ಲೆಕ್ಕದಲ್ಲಿ ಅದೇ ಅಗ್ಗ ಬಿತ್ತು. ಲೀಸ್ ನೋಡೋಕೆ ಹೋದಾಗ ಎಕ್ರೆ ಬಗ್ಗೆ ಆಮೇಲೆ ಕೇಳಿ, ಮೊದ್ಲು ಕೋವಿ ಎಷ್ಟು, ಗೆಸ್ಟ್ ಎಷ್ಟು, ಒಂದೇ ದಿನ ಗರಿಷ್ಠ ಎಷ್ಟು ಜನ ಒಳಗಿರ್ಬೋದು ಅಂತ ಕೇಳಿ, ಬಾಯಲ್ಲಿ ಹೇಳಿದ್ದನ್ನ ಪೇಪರಲ್ಲಿ ಹಾಕ್ಸಿ.

ಈ ಎರಡನೇ ಜಾಗ ಸಿಕ್ಕಿದ್ದು ಲ್ಯಾನೋ ಊರಲ್ಲಿ ದನದ ಫೀಡ್ ಮಾರೋ ಅಂಗಡಿ ಗೋಡೆಗೆ ಅಂಟಿಸಿದ್ದ ಚೀಟಿಯಿಂದ. ಆಸ್ಟಿನ್‌ನಿಂದ ಒಂದೂವರೆ ಗಂಟೆ ದಾರಿ. ಆ ಊರಿನವ್ರು ತಮ್ಮನ್ನ ಟೆಕ್ಸಾಸ್‌ನ ಡೀರ್ ಕ್ಯಾಪಿಟಲ್ ಅಂತ ಕರ್ಕೋತಾರೆ, ಸುಳ್ಳಲ್ಲ, ಸಂಜೆ ಆದ್ರೆ ರಸ್ತೆ ಪಕ್ಕ ನಮ್ಮೂರ ದನ ನಿಂತಂಗೆ ನಿಂತಿರ್ತವೆ. ಕೆಂಪು ಗ್ರಾನೈಟ್ ಬಂಡೆ, ಓಕ್, ಮುಳ್ಳು ಮೆಸ್ಕೀಟು, ಪಾಪಸ್ ಕಳ್ಳಿ, ಒಂಥರಾ ನಮ್ಮ ಚಿತ್ರದುರ್ಗದ ಕಡೆ ಹೋದಂಗೆ ಅನ್ಸುತ್ತೆ. ಯಜಮಾನ್ರಿಗೆ ಎಪ್ಪತ್ತರ ಮೇಲೆ ವಯಸ್ಸು, ಅವ್ರಿಗಿಂತ ಅವ್ರ ಹೆಂಡ್ತಿನೇ ಜಾಸ್ತಿ ಪ್ರಶ್ನೆ ಕೇಳಿದ್ದು. ಕುಡೀತೀಯಾ, ಮಕ್ಳೆಷ್ಟು, ಗೇಟು ಮುಚ್ತೀಯಾ. ಹೆಣ್ಣು ನೋಡೋಕೆ ಹೋದಾಗ್ಲೂ ನಂಗೆ ಇಷ್ಟು ಕೇಳಿರ್ಲಿಲ್ಲ. ಗೇಟಿನ ವಿಷ್ಯಕ್ಕೆ ಎರಡು ಸಲ ಕೇಳಿದ್ರು, ತೆರೆದಿದ್ರೆ ತೆರೆದೇ ಬಿಡ್ಬೇಕು, ಮುಚ್ಚಿದ್ರೆ ಮುಚ್ಲೇಬೇಕು, ಯಾಕಂದ್ರೆ ದನ ಇದಾವೆ.

ಅಗ್ರಿಮೆಂಟ್ ಎರಡೇ ಪೇಜು, ಅರ್ಥ ಆಗೋ ಇಂಗ್ಲಿಷು. ದುಡ್ಡಿಗೆ ಬೇಟೆ ಜಾಗ ಕೊಡೋ ಮಾಲೀಕರೂ ರಾಜ್ಯದ ವೈಲ್ಡ್‌ಲೈಫ್ ಇಲಾಖೆಯಿಂದ ಲೀಸ್ ಲೈಸೆನ್ಸ್ ತಗೊಂಡಿರ್ಬೇಕು, ಇವ್ರು ಕೇಳೋಕೆ ಮುಂಚೆನೇ ತೋರ್ಸಿದ್ರು. ಆಮೇಲೆ ಟ್ರಕ್ಕಲ್ಲಿ ಕೂರಿಸ್ಕೊಂಡು ಇಡೀ ಬೇಲಿ ಸುತ್ತ ಓಡ್ಸಿದ್ರು. ಬೇಲಿ ಕಂಬಕ್ಕೆಲ್ಲಾ ನೇರಳೆ ಬಣ್ಣದ ಪಟ್ಟಿ ಬಳ್ದಿದಾರೆ, ಏನಪ್ಪಾ ಅಲಂಕಾರ ಅನ್ಕೊಂಡೆ, ಟೆಕ್ಸಾಸ್‌ನಲ್ಲಿ ನೇರಳೆ ಪಟ್ಟಿ ಅಂದ್ರೆ ಒಳಗೆ ಬರಬೇಡ ಅನ್ನೋ ಬೋರ್ಡ್ ಇದ್ದಂಗಂತೆ. ನಮ್ಮ ಗುಂಡು ಆ ಬೇಲಿ ದಾಟಿ ಪಕ್ಕದವ್ರ ಜಾಗಕ್ಕೆ ಹೋದ್ರೇ ಅಪರಾಧ, ಏಟು ತಿಂದ ಜಿಂಕೆ ಆಚೆ ಹೋಗಿ ಬಿದ್ರೂ ಅವ್ರನ್ನ ಕೇಳ್ದೇ ಬೇಲಿ ಹತ್ತಂಗಿಲ್ಲ. ಅದಕ್ಕೇ ಬ್ಲೈಂಡ್ ಎಲ್ಲಾ ಬೇಲಿಯಿಂದ ದೂರ, ಒಳಮುಖವಾಗಿ ಇಟ್ಟಿದಾರೆ. ಮೊದಲ್ನೇ ಜಾಗದಲ್ಲಿ ಎರಡು ಬ್ಲೈಂಡು ಬೇಲಿಗೆ ಅಂಟ್ಕೊಂಡೇ ಇದ್ವು, ಅದ್ರ ಅರ್ಥ ಈಗ ಆಗ್ತಿದೆ ನಂಗೆ.

ಖರ್ಚು ಹೇಳ್ತೀನಿ. ಲೀಸು 2600 ಡಾಲರ್ ಒಬ್ಬರಿಗೆ. ಬೇಟೆ ಮೀನು ಎರಡೂ ಸೇರಿರೋ ಲೈಸೆನ್ಸ್ 68, ಅದ್ರಲ್ಲಿ ಬಿಳಿಬಾಲದ ಜಿಂಕೆಗೆ ಐದು ಟ್ಯಾಗ್ ಬರುತ್ತೆ, ಒಂದು ಜಿಂಕೆಗೆ ಒಂದು ಚೀಟಿ ಅಂತ, ಸೆಪ್ಟೆಂಬರ್‌ನಿಂದ ಆಗಸ್ಟ್ ತನಕ ನಡೆಯುತ್ತೆ. ಇಲ್ಲಿಗೆ ಮುಗೀತು ಅನ್ಕೊಂಡ್ರೆ ಕೆಟ್ರಿ. ಜೋಳದ ಖರ್ಚಿದೆಯಲ್ಲ, ಅದು ಕೊಲ್ಲುತ್ತೆ. ಇಲ್ಲಿ ಫೀಡರ್ ಅಂತ ಡ್ರಮ್ ಇಟ್ಟು, ಟೈಮರ್ ಹಾಕಿ, ಬೆಳಗ್ಗೆ ಸಂಜೆ ಮುಸುಕಿನ ಜೋಳ ಎರಚೋದು ಕಾನೂನುಬದ್ಧ, 50 ಪೌಂಡ್ ಚೀಲ ಚೀಲ ಸುರೀಬೇಕು. ಅರ್ಧ ರಕೂನ್ ತಿನ್ನುತ್ತೆ, ಕಾಲು ಭಾಗ ಹಂದಿ ತಿನ್ನುತ್ತೆ, ಉಳಿದಿದ್ದು ಜಿಂಕೆಗೆ. ಊರಲ್ಲಿ ಭತ್ತದ ಗದ್ದೆಗೆ ಹಂದಿ ಬರ್ಬಾರ್ದು ಅಂತ ರಾತ್ರಿ ಎಲ್ಲಾ ಡಬ್ಬ ಬಡೀತಿದ್ವಿ, ಇಲ್ಲಿ ಬಾರಪ್ಪಾ ಅಂತ ದುಡ್ಡು ಕೊಟ್ಟು ಜೋಳ ಹಾಕ್ತೀವಿ. ಪೆಟ್ರೋಲು, ಮಾಂಸ ಕತ್ತರಿಸಿ ಪ್ಯಾಕ್ ಮಾಡೋ ಅಂಗಡಿ ಚಾರ್ಜು ಎಲ್ಲಾ ಸೇರಿ ನಂಗೆ ಇನ್ನೊಂದು 1100 ಆಯ್ತು. ಸಿಕ್ಕಿದ್ದು ಎರಡು ಹೆಣ್ಣು ಜಿಂಕೆ, ಒಂದು ಗಂಡು. ಕೆಜಿ ಲೆಕ್ಕ ಹೆಂಡ್ತಿ ಒಂದ್ಸಲ ಹಾಕಿ ತೋರ್ಸಿದ್ಲು, ಇಲ್ಲಿ ಬರೆಯಲ್ಲ.

ಚುಕ್ಕಿ ಜಿಂಕೆ ಕಥೆ ಹೇಳ್ಲೇಬೇಕು. ಡಿಸೆಂಬರ್‌ನಲ್ಲಿ ಒಂದು ಸಂಜೆ ಕೂತಿದೀನಿ, ಪೊದೆ ಕಡೆಯಿಂದ ಒಂದು ಕೂಗು ಬಂತು, ಕಿವಿಗೆ ಗೊತ್ತಿರೋ ಕೂಗು ಆದ್ರೆ ಇಲ್ಲಿ ಕೇಳ್ಬಾರ್ದಾದ ಕೂಗು. ಎರಡು ನಿಮಿಷಕ್ಕೆ ಹೊರಗೆ ಬಂತು ನೋಡಿ, ಬಂಡೀಪುರ ಸಫಾರೀಲಿ ಜೀಪ್ ನಿಲ್ಸಿ ಫೋಟೋ ತೆಗೀತೀವಲ್ಲ, ಅದೇ! ಕೆಂಚು ಮೈ, ಬಿಳಿ ಚುಕ್ಕಿ. ಇಲ್ಲಿ ಅದಕ್ಕೆ ಆಕ್ಸಿಸ್ ಅಂತಾರೆ, 1932ರ ಸುಮಾರಿಗೆ ಟೆಕ್ಸಾಸ್‌ಗೆ ತಂದು ಬಿಟ್ಟಿದ್ದು, ಬೇಲಿ ದಾಟಿ ಈ ಗುಡ್ಡಗಳಲ್ಲೆಲ್ಲಾ ಹಬ್ಬಿದಾವೆ. ನಮ್ಮ ಕೃಷ್ಣಮೃಗನೂ ಇದೆ, ದಕ್ಷಿಣದ ಕಡೆ ನೀಲಗಾಯಿನೂ ಇದೆ. ಹೊರಗಿಂದ ಬಂದ ಜಾತಿ ಅಂತ ಇವುಕ್ಕೆ ಸೀಸನ್ ಇಲ್ಲ, ಟ್ಯಾಗ್ ಇಲ್ಲ, ವರ್ಷ ಪೂರ್ತಿ ಹೊಡೀಬೋದು, ಯಜಮಾನ್ರ ಒಪ್ಪಿಗೆ ಇದ್ರೆ. ಊರಲ್ಲಿ ಮುಟ್ಟಿದ್ರೆ ಜೈಲು, ಇಲ್ಲಿ ಮೆನು ಕಾರ್ಡಲ್ಲಿದೆ. ಯಜಮಾನ್ರಿಗೆ ಮೆಸೇಜ್ ಹಾಕಿದೆ, ಚುಕ್ಕಿದು ಹೊಡೀಲಾ ಅಂತ. ಅದು ಲೀಸಲ್ಲಿ ಬರಲ್ಲ, ಗಂಡಿಗೆ ಬೇರೆ 1500 ಅಂದ್ರು. ಅಗ್ರಿಮೆಂಟ್ ತೆಗೆದು ನೋಡಿದೆ, ಹೌದು, ಇತ್ತು, ಈ ಸಲ ದಪ್ಪ ಅಕ್ಷರದಲ್ಲೇ ಇತ್ತು, ಓದಿ ಮರೆತಿದ್ದೆ. ಹೊಡೀಲಿಲ್ಲ. ದುಡ್ಡಿಗೋ ಇನ್ನೇನಕ್ಕೋ ಅಂತ ಸ್ನೇಹಿತ್ರು ಕೇಳಿದ್ರು, ದುಡ್ಡಿಗೇ ಅಂದೆ.

ಹಂದಿ ವಿಷ್ಯದಲ್ಲಿ ಮಾತ್ರ ಯಜಮಾನ್ರು ಧಾರಾಳಿ, ಎಷ್ಟಾದ್ರೂ ಹೊಡಿ, ಯಾವಾಗಾದ್ರೂ ಬಾ, ಒಂದು ಪೈಸೆ ಬೇಡ ಅಂತಾರೆ. ಹುಲ್ಲುಗಾವಲೆಲ್ಲಾ ಟ್ರ್ಯಾಕ್ಟರ್ ಹೊಡೆದಂಗೆ ಮಗುಚಿ ಹಾಕಿರ್ತವೆ, ಪಾಪ. 2019ರಿಂದ ಖಾಸಗಿ ಜಮೀನಲ್ಲಿ ಮಾಲೀಕರ ಪರ್ಮಿಷನ್ ಇದ್ರೆ ಕಾಡುಹಂದಿಗೆ ಲೈಸೆನ್ಸೂ ಬೇಡ. ನಮ್ಮ ನಾಲ್ಕು ಕೋವಿಯಲ್ಲಿ ಇನ್ನೊಬ್ರು ಕೊಡಗಿನವ್ರು, ನಾವೆಲ್ಲಾ ಅಣ್ಣ ಅಂತೀವಿ, ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದ್ರೆ ಹ್ಯೂಸ್ಟನ್‌ನಿಂದ ಹತ್ತತ್ರ ನಾಲ್ಕು ಗಂಟೆ ಗಾಡಿ ಓಡಿಸ್ಕೊಂಡು ಬಂದು ಇಲ್ಲಿ ಕ್ಯಾಂಪಲ್ಲೇ ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಊರಿಂದ ಕಾಚಂಪುಳಿ, ಅಂದ್ರೆ ಹಂದಿ ಅಡುಗೆಗೆ ಹಾಕೋ ಕಪ್ಪು ಹುಳಿ, ಸೂಟ್‌ಕೇಸಲ್ಲಿ ಮೂರು ಪ್ಲಾಸ್ಟಿಕ್ ಸುತ್ತಿ ತರ್ತಾರೆ. ಅವ್ರು ಮಾಡಿದ ಪಂದಿಕರಿ ಯಜಮಾನ್ರ ಹೆಂಡ್ತಿ ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸ್ಕೊಂಡು, ಆಮೇಲೆ ಡಬ್ಬ ಹಿಡ್ಕೊಂಡು ಬಂದು ಇನ್ನೊಂಚೂರು ಹಾಕು ಅಂದ್ರು. ಒಂದು ಮಾತು, ಈ ಹಂದಿಗಳಲ್ಲಿ ಬ್ರೂಸೆಲ್ಲೋಸಿಸ್ ಥರದ ಕಾಯಿಲೆ ಇರುತ್ತೆ, ಬರಿಗೈಲಿ ಕುಯ್ಯೋಕೆ ಹೋಗ್ಬೇಡಿ, ಗ್ಲೌಸ್ ಹಾಕಿ, ಒಳಗಿನ ತನಕ ಬೇಯಿಸಿ.

ದೂರು ಇಲ್ವಾ ಅಂದ್ರೆ ಇದೆ. ಫೋನ್ ಸಿಗ್ನಲ್ ಇಲ್ಲ, ಇರೋ ಹಳೇ ಟ್ರೇಲರಲ್ಲಿ ಇಲಿ, ಬಾವಿ ನೀರು ಗಂಧಕದ ವಾಸ್ನೆ, ಸಂಜೆ ಮನೆಗೆ ಬಂದ್ರೆ ಮೈ ತುಂಬಾ ಉಣುಗು. ಎಂಟು ಕವಲಿಗಿಂತ ಕಮ್ಮಿ ಕೊಂಬಿರೋ ಗಂಡು ಹೊಡೀಬಾರ್ದು ಅಂತ ಯಜಮಾನ್ರ ಸ್ವಂತ ರೂಲು, ಸಂಜೆ ಮಬ್ಬಲ್ಲಿ ಕವಲು ಎಣಿಸ್ತಾ ಕೂತು ಮೂರು ಸಲ ಬಿಟ್ಟಿದೀನಿ. ಆಮೇಲೆ ಈ ವರ್ಷ 2600 ಇದ್ದಿದ್ದು 2800 ಮಾಡಿದಾರೆ. ಅದಕ್ಕೇ ಐದಕ್ಕೆ ನಾಲ್ಕು.

ಹೊಸಬ್ರಿಗೆ ಎರಡು ವಿಷ್ಯ. 1971 ಸೆಪ್ಟೆಂಬರ್ 2 ಅಥವಾ ಅದಾದ್ಮೇಲೆ ಹುಟ್ಟಿದವ್ರು ಹಂಟರ್ ಎಜುಕೇಷನ್ ಕೋರ್ಸ್ ಮಾಡ್ಲೇಬೇಕು, ದೊಡ್ಡವ್ರಾದ್ರೆ ಆನ್‌ಲೈನಲ್ಲೇ ಆಗುತ್ತೆ. ಇನ್ನು ಎಚ್-1ಬಿ ಲಿ ಇರೋರು ಹುಷಾರು, ಆ ಥರದ ವೀಸಾದಲ್ಲಿರೋರು ಕೋವಿ, ಗುಂಡು ಇಟ್ಕೊಳ್ಳಂಗಿಲ್ಲ ಅಂತ ಫೆಡರಲ್ ಕಾನೂನಿದೆ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇರೋರಿಗೆ ಅದ್ರಲ್ಲಿ ವಿನಾಯ್ತಿ ಇದೆ. ಆದ್ರೂ ಸ್ನೇಹಿತನ ಕೋವಿ ಒಂದ್ಸಲ ಹಿಡೀತೀನಿ ಅನ್ನೋಕೆ ಮುಂಚೆ ಲಾಯರ್ ಹತ್ರ ಮಾತಾಡಿ, ಗ್ರೀನ್ ಕಾರ್ಡ್ ಫೈಲಿಗಿಂತ ಜಿಂಕೆ ದೊಡ್ಡದಲ್ಲ.

ನಮ್ಮ ನಾಲ್ಕು ಜನರಲ್ಲಿ ಒಬ್ರು ಡೆನ್ವರ್‌ಗೆ ಶಿಫ್ಟ್ ಆಗ್ತಿದಾರೆ, ಹಂಗಾಗಿ ಒಂದು ಕೋವಿ ಜಾಗ ಖಾಲಿ ಆಗುತ್ತೆ. ಐದನೇಯವ್ರನ್ನ ಸೇರಿಸ್ಕೊಳ್ಳಲ್ಲ, ನಾಲ್ಕೇ. ಬರೋರು ಮೊದ್ಲು ಯಜಮಾನ್ರ ಹೆಂಡ್ತಿ ಮುಂದೆ ಕೂತು ಪ್ರಶ್ನೆಗೆ ಉತ್ತರ ಕೊಡ್ಬೇಕು. ಗೇಟಿಂದು ಎರಡು ಸಲ ಕೇಳ್ತಾರೆ.